ಸಿ ಡ್ರೈವ್‌ನಲ್ಲಿರುವ ಫೈಲು, ಪ್ರೋಗ್ರಾಂ ಎಲ್ಲವನ್ನೂ ಡಿ ಡ್ರೈವ್‌ಗೆ ಸಾಗಿಸಬಹುದಾ? ಒಮ್ಮೆ ಕಳೆದುಕೊಂಡವಳ ಪ್ರಶ್ನೆ

ಡೊಂಬಿವಲಿ ಲೆಕ್ಕ · ಶುಕ್ರವಾರ, ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ನಾನಿರುವುದು ಡೊಂಬಿವಲಿ ಪೂರ್ವದಲ್ಲಿ. ಮನೆಯಲ್ಲೇ ಕೂತು ನಾಲ್ಕು ಹೋಟೆಲು, ಎರಡು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್, ಇಷ್ಟೇ ನನ್ನ ಕಂಪ್ಯೂಟರ್ ಜ್ಞಾನ.

ಹೋದ ತಿಂಗಳು ಲ್ಯಾಪ್‌ಟಾಪ್ ಕೈಕೊಟ್ಟಿತು. ನೀಲಿ ಪರದೆ ಬರುತ್ತದೆ, ರೀಸ್ಟಾರ್ಟ್ ಆಗುತ್ತದೆ, ಮತ್ತೆ ನೀಲಿ ಪರದೆ. ಹತ್ತಿರದ ಒಂದು ಅಂಗಡಿಗೆ ಕೊಟ್ಟೆ. ಅಲ್ಲಿನ ಹುಡುಗ ಕೇಳಿದ್ದು ಒಂದೇ ಮಾತು, "ಡೇಟಾ ಡಿ ಡ್ರೈವ್‌ನಲ್ಲಿದೆ ಅಲ್ವಾ?" ನಾನು ಹೂಂ ಅಂದೆ. ಹಳೇ ಕಂಪ್ಯೂಟರಿನಲ್ಲಿ ಡಿ ಇತ್ತು, ಇದರಲ್ಲೂ ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. 512 ಜಿಬಿ ಪೂರ್ತಿ ಒಂದೇ ಸಿ ಡ್ರೈವ್. ಸಂಜೆ ಹೋದಾಗ ಹೊಸ ವಿಂಡೋಸ್ ಹಾಕಿ, ಒರೆಸಿ, ಚೀಲದಲ್ಲಿಟ್ಟು ಕೊಟ್ಟರು.

ಟ್ಯಾಲಿ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿತ್ತು, ಹಾಗಾಗಿ ಲೆಕ್ಕ ಉಳಿಯಿತು. ಹೋಗಿದ್ದು ಅಪ್ಪನ ಬರಹ. ಅಪ್ಪ ಹುಡುಗನಾಗಿದ್ದಾಗ ಕುಂದಾಪುರದಿಂದ ಬಸ್ ಹತ್ತಿ ಬಂದವರು. ಫೋರ್ಟ್‌ನ ಒಂದು ಕ್ಯಾಂಟೀನಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದರು. ಆ ಕಥೆಯನ್ನು ಭಾನುವಾರ ಭಾನುವಾರ ಅವರು ಹೇಳುವುದು, ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದು. ಅರವತ್ತು ಪುಟ ಆಗಿತ್ತು. ತಮ್ಮನಿಗೆ ಓದಲು ಕಳಿಸಿದ್ದ ಇಪ್ಪತ್ತೆರಡು ಪುಟ ಮೇಲ್‌ನಲ್ಲಿ ಸಿಕ್ಕಿತು. ಉಳಿದದ್ದು ಇಲ್ಲ. ಅಪ್ಪ "ಮತ್ತೆ ಹೇಳ್ತೇನೆ ಬಿಡು" ಅಂದರು. ಅವರಿಗೀಗ ಎಪ್ಪತ್ತೆಂಟು.

ಇನ್ನೊಮ್ಮೆ ಹೀಗಾಗಬಾರದು. ಸಿ ಒಡೆದು ಡಿ ಮಾಡಿ, ನನ್ನ ಫೈಲು ಮತ್ತು ಪ್ರೋಗ್ರಾಂ ಎರಡನ್ನೂ ಅಲ್ಲಿಗೆ ಹಾಕಬೇಕು ಅಂತ ಆಸೆ. ನಾನೇ ಮಾಡಬಹುದಾ? ಯೂಸರ್ಸ್ ಫೋಲ್ಡರ್ ಮತ್ತು ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಎರಡನ್ನೂ ಕಟ್ ಮಾಡಿ ಪೇಸ್ಟ್ ಮಾಡಿದರೆ ಸಾಕಾ? ವಿಂಡೋಸ್ 11 ಇದೆ.

ಗ್ರಾಂಟ್ ರೋಡ್ ರಿಪೇರಿ · ಶುಕ್ರವಾರ, ರಾತ್ರಿ 11:40

ಅಕ್ಕ, ಮೊದಲು ಒಂದು ಮಾತು. ಕಟ್ ಪೇಸ್ಟ್ ಮಾಡಬೇಡಿ. ಎರಡರಲ್ಲಿ ಯಾವುದನ್ನೂ.

ಲ್ಯಾಮಿಂಗ್ಟನ್ ರೋಡಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ರಿಪೇರಿ ಕೆಲಸ ಮಾಡುತ್ತಿದ್ದೇನೆ. "ಡಿಯಲ್ಲಿ ಇದೆ ಅಲ್ವಾ" ಅನ್ನುವ ಪ್ರಶ್ನೆಯಿಂದ ಎಷ್ಟು ಮನೆಗಳ ಮದುವೆ ಫೋಟೋ ಹೋಗಿದೆ ಅಂತ ಕಣ್ಣಾರೆ ಕಂಡಿದ್ದೇನೆ. ಹಿಂದೆ ಅಂಗಡಿಯಲ್ಲಿ ಜೋಡಿಸುವ ಕಂಪ್ಯೂಟರಿಗೆ ಸಿ, ಡಿ, ಇ ಅಂತ ಮೂರು ಭಾಗ ಮಾಡಿಯೇ ಕೊಡುತ್ತಿದ್ದೆವು. ಈಗ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಸಿ ಒಂದೇ. ಫಾರ್ಮ್ಯಾಟ್ ಮಾಡುವ ಮುಂಚೆ ತೆರೆದು ನೋಡಬೇಕಾದದ್ದು ರಿಪೇರಿಯವನು. ಅದು ನಿಮ್ಮ ತಪ್ಪಲ್ಲ. ಈಗ ಹಾರ್ಡ್‌ಡಿಸ್ಕಿನ ಬದಲು ಬರುವ ಎಸ್‌ಎಸ್‌ಡಿಯಲ್ಲಿ ಇನ್ನೊಂದು ತೊಂದರೆ ಇದೆ. ಫಾರ್ಮ್ಯಾಟ್ ಆದ ಮೇಲೆ ಟ್ರಿಮ್ ಅನ್ನುವ ವ್ಯವಸ್ಥೆ ಖಾಲಿ ಜಾಗವನ್ನು ಒಳಗೊಳಗೇ ಸ್ವಚ್ಛ ಮಾಡಿಬಿಡುತ್ತದೆ. ಹಳೇ ಹಾರ್ಡ್‌ಡಿಸ್ಕಿನಲ್ಲಿ ಒಮ್ಮೊಮ್ಮೆ ವಾಪಸ್ ತೆಗೆಯುತ್ತಿದ್ದೆವು, ಇದರಲ್ಲಿ ಅದು ಬಹಳ ಕಷ್ಟ.

ಈಗ ನಿಮ್ಮ ಪ್ರಶ್ನೆ. ಫೈಲು ಬೇರೆ, ಪ್ರೋಗ್ರಾಂ ಬೇರೆ. ಫೈಲು ಕಪಾಟಿನಲ್ಲಿಟ್ಟ ಪುಸ್ತಕ ಇದ್ದ ಹಾಗೆ. ಈ ಕಪಾಟಿನಿಂದ ಆ ಕಪಾಟಿಗೆ ಇಟ್ಟರೂ ಪುಸ್ತಕ ಪುಸ್ತಕವೇ. ಪ್ರೋಗ್ರಾಂ ಗೋಡೆಗೆ ಕೂರಿಸಿದ ನಲ್ಲಿ. ಕಣ್ಣಿಗೆ ಕಾಣುವುದು ಇಷ್ಟೇ, ಗೋಡೆಯೊಳಗೆ ಪೈಪು ಎಲ್ಲೆಲ್ಲೋ ಹೋಗಿರುತ್ತದೆ. ಇನ್‌ಸ್ಟಾಲ್ ಮಾಡಿದಾಗ ಸ್ವಲ್ಪ ಪ್ರೋಗ್ರಾಂ ಫೈಲ್ಸ್‌ನಲ್ಲಿ, ಸ್ವಲ್ಪ ರಿಜಿಸ್ಟ್ರಿ ಅನ್ನುವ ವಿಂಡೋಸ್‌ನ ಸೆಟಿಂಗ್ಸ್ ದಾಖಲೆಯಲ್ಲಿ, ಸ್ವಲ್ಪ ಆಪ್‌ಡೇಟಾ ಅನ್ನುವ ಫೋಲ್ಡರಿನಲ್ಲಿ, ಇನ್ನು ಸ್ವಲ್ಪ ವಿಂಡೋಸ್ ಫೋಲ್ಡರಿನಲ್ಲೇ ಕೂರುತ್ತದೆ. ನಲ್ಲಿ ಬಿಚ್ಚಿ ಪಕ್ಕದ ಗೋಡೆಗೆ ಅಂಟಿಸಿದರೆ ನೀರು ಬರುವುದಿಲ್ಲ ಅಲ್ವಾ, ಹಾಗೇ ಇದೂ.

ಒಂದು ವೇಳೆ ಡಿಯಲ್ಲೇ ಹೊಸದಾಗಿ ಇನ್‌ಸ್ಟಾಲ್ ಮಾಡಿದರೂ ನಿಮಗೆ ಬೇಕಾದ ಲಾಭ ಸಿಗುವುದಿಲ್ಲ. ನಾಳೆ ವಿಂಡೋಸ್ ಮತ್ತೆ ಹಾಕಿದರೆ ರಿಜಿಸ್ಟ್ರಿ ಹೊಸದು. ಡಿಯಲ್ಲಿರುವ ಪ್ರೋಗ್ರಾಂ ಯಾರು ಅಂತ ಅದಕ್ಕೆ ಗೊತ್ತೇ ಇರುವುದಿಲ್ಲ. ಮತ್ತೆ ಇನ್‌ಸ್ಟಾಲ್ ಮಾಡಲೇಬೇಕು. ಸಿಯಲ್ಲಿ ಜಾಗ ಸಾಲದವರಿಗೆ, ದೊಡ್ಡ ದೊಡ್ಡ ಗೇಮ್ ಇಟ್ಟುಕೊಂಡವರಿಗೆ ಅದು ಸರಿ. ಸ್ಟೀಮ್‌ನಂಥವುಗಳಲ್ಲಿ ಬೇರೆ ಡ್ರೈವ್‌ಗೆ ಸಾಗಿಸುವ ಆಯ್ಕೆ ಅದರೊಳಗೇ ಇದೆ. ಸೆಟಿಂಗ್ಸ್‌ನ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿಯಲ್ಲೂ ಕೆಲವು ಸ್ಟೋರ್ ಆಪ್‌ಗಳಿಗೆ ಮೂವ್ ಅಂತ ಬರುತ್ತದೆ. ನಿಮ್ಮ ಟ್ಯಾಲಿ, ಆಫೀಸ್, ನುಡಿ ಸಿಯಲ್ಲೇ ಇರಲಿ.

ಪ್ರೋಗ್ರಾಂ ಹೋದರೆ ಮತ್ತೆ ಸಿಗುತ್ತದೆ. ಅಪ್ಪನ ಮಾತು ಸಿಗುವುದಿಲ್ಲ. ಅದನ್ನು ಮೊದಲು ಸಾಗಿಸೋಣ.

ವಿಂಡೋಸ್ ಒಳಗೇ ಡಿಸ್ಕ್ ಮ್ಯಾನೇಜ್‌ಮೆಂಟ್ ಇದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಪಟ್ಟಿಯಲ್ಲಿ ಕಾಣುತ್ತದೆ. ಬೇರೆ ಸಾಫ್ಟ್‌ವೇರ್ ಇಳಿಸುವುದು ಬೇಡ. ಸಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಎಷ್ಟು ಕಡಿಮೆ ಮಾಡಬೇಕು ಅಂತ ಎಂಬಿಯಲ್ಲಿ ಕೇಳುತ್ತದೆ. ನಿಮ್ಮ 512 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ 476 ಅಂತ ಕಾಣಿಸುತ್ತದೆ, ಗಾಬರಿ ಬೇಡ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಡಿಗೆ 240 ಜಿಬಿ ಬೇಕು ಅಂದರೆ 245760 ಅಂತ ಹಾಕಿ. ಆಮೇಲೆ ಕಪ್ಪು ಪಟ್ಟಿಯಲ್ಲಿ ಅನ್‌ಅಲೊಕೇಟೆಡ್ ಅಂತ ಬರುವ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ, ನ್ಯೂ ಸಿಂಪಲ್ ವಾಲ್ಯೂಮ್, ಫೈಲ್ ಸಿಸ್ಟಮ್ ಕೇಳಿದಲ್ಲಿ ಎನ್‌ಟಿಎಫ್‌ಎಸ್, ಹೆಸರು ಕೊಡಿ, ಮುಗಿಯಿತು. ಸಿಗೆ ತೀರಾ ಕಡಿಮೆ ಬಿಡಬೇಡಿ. ವಿಂಡೋಸ್ 11ಕ್ಕೆ 64 ಜಿಬಿ ಸಾಕು ಅಂತ ಬರೆದಿರುತ್ತಾರೆ. ಅಷ್ಟರಲ್ಲಿ ಎರಡು ಅಪ್‌ಡೇಟ್ ಬಂದರೆ ಉಸಿರು ಕಟ್ಟುತ್ತದೆ. 200ರ ಮೇಲೆ ಇರಲಿ.

ಕೈ ಹಾಕುವ ಮುಂಚೆ ಇರುವುದನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಚಾರ್ಜರ್ ಹಾಕಿಯೇ ಇಡಿ. ಇನ್ನೊಂದು, ಸೆಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಅಥವಾ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ, ಆನ್ ಇದೆಯಾ ನೋಡಿ. ಇದ್ದರೆ ಅದರ ರಿಕವರಿ ಕೀ, 48 ಅಂಕೆಯದು, ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಆ ಅಂಕೆ ಇಲ್ಲದೆ ಅಳುತ್ತಾ ಬಂದವರಿಗೆ ನಾನೂ ಏನೂ ಮಾಡಲಾಗಿಲ್ಲ.

ವಾಸ್ಕೋ ಕ್ಯಾಮೆರಾ · ಶನಿವಾರ, ಬೆಳಿಗ್ಗೆ 7:20

ಗೋವಾದಿಂದ. ನಾನು ಮದುವೆ ಫೋಟೋಗ್ರಾಫರ್, ಊರು ಹುಬ್ಬಳ್ಳಿ. ರಿಪೇರಿ ಅಣ್ಣ ಹೇಳಿದ್ದನ್ನು ಕೇಳದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನಾನೇ ಸಾಕ್ಷಿ.

ನಾನು ಯೂಸರ್ಸ್ ಫೋಲ್ಡರನ್ನು ಇಡಿಯಾಗಿ ಡಿಗೆ ಕಳಿಸಿದ್ದೆ. ಒಂದು ವಿಡಿಯೋ ನೋಡಿ ರಿಜಿಸ್ಟ್ರಿಯಲ್ಲಿ ಪ್ರೊಫೈಲ್‌ಗಳ ದಾರಿ ಬದಲಿಸಿ, ಹಳೇ ಜಾಗದಲ್ಲಿ ಜಂಕ್ಷನ್ ಅನ್ನುವ ಕೊಂಡಿ ಹಾಕಿದ್ದೆ. ಜಂಕ್ಷನ್ ಅಂದರೆ ಸಿಯಲ್ಲಿ ಹೆಸರು ಮಾತ್ರ, ಸಾಮಾನು ಡಿಯಲ್ಲಿ. ಆರು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂತು. ಅರ್ಧ ಹೋಗುತ್ತದೆ, ಹಿಂದಕ್ಕೆ ಬರುತ್ತದೆ, ಮರುದಿನ ಮತ್ತೆ ಅದೇ. ಯೂಸರ್ಸ್ ಆಗಲಿ, ಪ್ರೋಗ್ರಾಂ ಫೈಲ್ಸ್ ಆಗಲಿ, ಹೀಗೆ ಬೇರೆ ಡ್ರೈವ್‌ಗೆ ತಿರುಗಿಸಿದರೆ ಅದಕ್ಕೆ ನಮ್ಮ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಬರೆದಿಟ್ಟಿದೆ. ನಾನು ಓದಿದ್ದು ಕೆಟ್ಟ ಮೇಲೆ. ಮಳೆಗಾಲ ಬೇರೆ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಒಂದು ಬೆಳಿಗ್ಗೆ ಲಾಗಿನ್ ಆದರೆ ಖಾಲಿ ಡೆಸ್ಕ್‌ಟಾಪ್, ಟೆಂಪರರಿ ಪ್ರೊಫೈಲ್ ಅಂತ ಸಂದೇಶ. ಮಡಗಾಂವಿನ ಒಂದು ಮದುವೆಯ ಎರಡು ಸಾವಿರ ಫೋಟೋ ಒಳಗಿತ್ತು. ಫೋಟೋ ಸಿಕ್ಕಿತು, ಎರಡು ರಾತ್ರಿ ನಿದ್ದೆ ಹೋಯಿತು.

ಅಕ್ಕ, ಯೂಸರ್ಸ್ ಮುಟ್ಟಬೇಡಿ. ಅದರೊಳಗಿರುವ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್, ಡೆಸ್ಕ್‌ಟಾಪ್ ಇವನ್ನು ಒಂದೊಂದಾಗಿ ಸಾಗಿಸಿ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್ ಅಂತ ಒಂದು ಟ್ಯಾಬ್, ಅಲ್ಲಿ ಮೂವ್ ಬಟನ್. ಇದು ವಿಂಡೋಸೇ ಇಟ್ಟಿರುವ ಬಾಗಿಲು. ಹೆಚ್ಚಿನ ಪ್ರೋಗ್ರಾಂಗಳು ಹೊಸ ಜಾಗವನ್ನು ತಾವೇ ಹುಡುಕಿಕೊಳ್ಳುತ್ತವೆ. ಆಪ್‌ಡೇಟಾ ಅನ್ನುವ ಮರೆಯಾದ ಫೋಲ್ಡರ್ ಸಿಯಲ್ಲೇ ಇರಲಿ.

ಮುಲುಂಡ್ ಕೋಡ್ · ಶನಿವಾರ, ಬೆಳಿಗ್ಗೆ 10:05

ಬೇರೆ ಅಭಿಪ್ರಾಯ ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ಈಗಿನ ಕಾಲಕ್ಕೆ ಪಾರ್ಟಿಷನ್ ಯಾಕೆ? ಎಸ್‌ಎಸ್‌ಡಿಯಲ್ಲಿ ಭಾಗ ಮಾಡಿದರೆ ವೇಗ ಹೆಚ್ಚುವುದಿಲ್ಲ. ಹಾರ್ಡ್‌ಡಿಸ್ಕಿನಲ್ಲಾದರೆ ಹೊರ ಅಂಚಿನ ಭಾಗ ಬೇಗ ಓದುತ್ತದೆ ಅಂತ ಸಿ ಮುಂದಿಡುತ್ತಿದ್ದರು, ಅದೂ ಈಗ ಇಲ್ಲ. ಭಾಗ ಮಾಡಿದರೆ ಗೋಡೆ ಬರುತ್ತದೆ. ಒಂದು ಕಡೆ ಜಾಗ ತುಂಬಿ ಇನ್ನೊಂದು ಕಡೆ ಖಾಲಿ ಬಿದ್ದಿರುತ್ತದೆ. ಸಿಯನ್ನು ಮತ್ತೆ ದೊಡ್ಡದು ಮಾಡಬೇಕು ಅಂದರೆ ಅದರ ಬಲಕ್ಕೆ ತಾಗಿಕೊಂಡೇ ಖಾಲಿ ಜಾಗ ಇರಬೇಕು. ಅಲ್ಲಿ ಡಿ ಕೂತಿರುತ್ತದೆ. ಡಿಯನ್ನು ಅಳಿಸದೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆಗುವುದಿಲ್ಲ.

ಫೈಲು ಉಳಿಯಬೇಕು ಅಂದರೆ ಬ್ಯಾಕಪ್ ಒಂದೇ ದಾರಿ. ಅದು ಸರಿ ಇದ್ದರೆ ಸಿ ಒಂದೇ ಇದ್ದರೂ ಭಯ ಇಲ್ಲ.

ಗ್ರಾಂಟ್ ರೋಡ್ ರಿಪೇರಿ · ಶನಿವಾರ, ಮಧ್ಯಾಹ್ನ 1:30

ಮುಲುಂಡ್ ಅಣ್ಣ ಹೇಳಿದ್ದರಲ್ಲಿ ತಪ್ಪಿಲ್ಲ. ಜಾಗದ ತೊಂದರೆ ನಿಜ, ಅದಕ್ಕೇ ಸಿಗೆ ಧಾರಾಳ ಬಿಡಿ ಅಂದಿದ್ದು.

ಆದರೆ ನಮ್ಮ ಅಂಗಡಿಗೆ ಬರುವ ಜನರನ್ನು ನೋಡಿ ಹೇಳುತ್ತೇನೆ. ಹತ್ತರಲ್ಲಿ ಎಂಟು ಜನರ ತೊಂದರೆ ಡಿಸ್ಕ್ ಸತ್ತಿದ್ದಲ್ಲ, ವಿಂಡೋಸ್ ಕೆಟ್ಟಿದ್ದು. ಆಗ ಎದುರಿಗೆ ಕೂತವನು ಯಾರೋ ಹುಡುಗ, ಅವನಿಗೆ ಅವಸರ. ಡಿ ಅಂತ ಬೇರೆ ಇದ್ದರೆ ಅವನ ಕೈ ಒಂದು ಕ್ಷಣ ನಿಲ್ಲುತ್ತದೆ. ರೀಸೆಟ್ ಮಾಡುವಾಗ ವಿಂಡೋಸ್ ಕೂಡ ಕೇಳುತ್ತದೆ, ವಿಂಡೋಸ್ ಇರುವ ಡ್ರೈವ್ ಮಾತ್ರ ಅಳಿಸಲಾ, ಎಲ್ಲ ಡ್ರೈವ್ ಅಳಿಸಲಾ ಅಂತ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕುವಾಗ ಬರುವ ಪಟ್ಟಿಯಲ್ಲಿ ಸಿ, ಡಿ ಅನ್ನುವ ಅಕ್ಷರ ಕಾಣುವುದಿಲ್ಲ. ಡಿಸ್ಕ್ ಸೊನ್ನೆ, ಪಾರ್ಟಿಷನ್ 3, ಪಾರ್ಟಿಷನ್ 4 ಅಂತ ಬರುತ್ತದೆ. ಎರಡೂ ಒಂದೇ ಅಳತೆ ಇದ್ದರೆ ಗೊಂದಲ. ಅದಕ್ಕೆ ಎರಡರ ಅಳತೆ ಬೇರೆ ಬೇರೆ ಇಡಿ, ಡಿಗೆ ಹೆಸರೂ ಕೊಡಿ. ಆಮೇಲೆ ಲ್ಯಾಪ್‌ಟಾಪಿನ ಹಿಂದೆ ಒಂದು ಚೀಟಿ ಅಂಟಿಸಿ: "240 ಜಿಬಿ ಭಾಗ ಮುಟ್ಟಬೇಡಿ." ನನ್ನ ಗಿರಾಕಿಗಳಿಗೆಲ್ಲ ನಾನೇ ಬರೆದು ಅಂಟಿಸುತ್ತೇನೆ.

ಮಾಟುಂಗಾ ಮೇಷ್ಟ್ರು · ಶನಿವಾರ, ಸಂಜೆ 5:50

ಮಗಳೇ, ನಿನ್ನ ತಂದೆಯವರ ಬರಹದ ಸುದ್ದಿ ಓದಿ ನನ್ನ ಹಳೇ ನೋವು ಎದ್ದಿತು. ನಾನು ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು.

2005ರ ಜುಲೈ 26. ಆಗ ನಾವು ಮುಂಬೈಯ ಸಾಂತಾಕ್ರೂಜ್ ಪಕ್ಕದ ಕಲೀನಾದಲ್ಲಿ ನೆಲಮಹಡಿಯಲ್ಲಿದ್ದೆವು. ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ನಾನು ಶಾಲೆಯಿಂದ ಮನೆಗೆ ಬರಲಾಗದೆ ರಾತ್ರಿ ಅಲ್ಲೇ ಕಳೆದೆ. ಮರುದಿನ ಬಂದರೆ ಮನೆಯೊಳಗೆ ಎದೆಯ ಮಟ್ಟದ ಗುರುತು. ಕಂಪ್ಯೂಟರಿನ ಡಬ್ಬ ಮೇಜಿನ ಕೆಳಗೆ ನೆಲದ ಮೇಲಿತ್ತು. ಸೈಡು ಬಿಚ್ಚಿದಾಗ ಒಳಗಿಂದ ಕೆಸರು ನೀರು ಸುರಿಯಿತು. ಇಪ್ಪತ್ತು ವರ್ಷ ಮಕ್ಕಳಿಂದ ಬರೆಸಿದ ಕವಿತೆಗಳನ್ನು ಆರಿಸಿ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದೆ. ಜೋಪಾನ ಅಂತಲೇ ಡಿ ಡ್ರೈವ್‌ನಲ್ಲಿ ಇಟ್ಟಿದ್ದೆ. ಸಿ, ಡಿ ಎರಡೂ ಅದೇ ಒಂದು ಡಿಸ್ಕಿನಲ್ಲಿ ಇದ್ದವು ಅಲ್ವಾ, ಎರಡೂ ಒಟ್ಟಿಗೇ ಹೋದವು.

ರಿಪೇರಿಯವರು ಹೇಳಿದ ಹಾಗೆ ಡಿ ಮಾಡು. ಅದು ವಿಂಡೋಸ್ ಕೆಟ್ಟರೆ ಕಾಯುತ್ತದೆ. ಡಿಸ್ಕ್ ಕೆಟ್ಟರೆ, ಕಳ್ಳ ಒಯ್ದರೆ, ನೀರು ನುಗ್ಗಿದರೆ ಕಾಯುವುದಿಲ್ಲ. ನಾನೀಗ ಮೂರು ಪ್ರತಿ ಇಡುತ್ತೇನೆ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಇನ್ನೊಂದು ಪುಣೆಯಲ್ಲಿರುವ ಮಗನ ಮನೆಯಲ್ಲಿ.

ಫಾಂಟಿನ ವಿಷಯವನ್ನೂ ಹೇಳಬೇಕು. ಹೊಸ ವಿಂಡೋಸ್ ಬಂದ ಮೇಲೆ ನುಡಿ ಹಾಕದೆ ಹಳೇ ಫೈಲು ತೆರೆದರೆ ಕನ್ನಡವೇ ಕಾಣುವುದಿಲ್ಲ. "ಕನ್ನಡ" ಅನ್ನುವ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೆರೆ ಹೊತ್ತ ಎ, ಆಮೇಲೆ ಪೌಂಡಿನ ಚಿಹ್ನೆ, ಹೀಗೆ ಏನೇನೋ. ಫೈಲು ಕೆಟ್ಟಿತು ಅಂತ ಗಾಬರಿಯಾಗಿ ಅಳಿಸಿಬಿಟ್ಟವರನ್ನು ನಾನು ಬಲ್ಲೆ. ಫೈಲು ಸರಿಯಾಗಿಯೇ ಇರುತ್ತದೆ. ಹಳೇ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದಂಥವು. ಫಾಂಟು ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಅಕ್ಷರ ಹೊರಗೆ ಬರುತ್ತದೆ. ಫಾಂಟುಗಳು ಇರುವುದು ಸಿಯಲ್ಲಿ. ಆದ್ದರಿಂದ ನುಡಿಯ ಇನ್‌ಸ್ಟಾಲ್ ಮಾಡುವ ಫೈಲು ಮತ್ತು ನೀನು ಬಳಸುವ ಫಾಂಟುಗಳ ಪ್ರತಿ, ಎರಡನ್ನೂ ಡಿಯಲ್ಲಿ ಇಟ್ಟುಕೋ. ಇನ್ನು ಮೇಲೆ ಬರೆಯುವುದನ್ನು ಯೂನಿಕೋಡಿನಲ್ಲೇ ಬರೆ, ಅದರಲ್ಲಿ ಕನ್ನಡ ಅಕ್ಷರಗಳಿಗೆ ತಮ್ಮದೇ ಜಾಗ ಇದೆ. ನುಡಿಯಲ್ಲೇ ಆ ಆಯ್ಕೆ ಇದೆ.

ಡೊಂಬಿವಲಿ ಲೆಕ್ಕ · ಶನಿವಾರ, ರಾತ್ರಿ 9:30

ಮೇಷ್ಟ್ರೇ, ಆ ಕವಿತೆಗಳ ವಿಷಯ ಓದಿ ಅಪ್ಪನಿಗೂ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನೆ ಕೂತಿದ್ದರು.

ರಿಪೇರಿ ಅಣ್ಣ, ಎಲ್ಲ ಕಾಪಿ ಮಾಡಿಟ್ಟುಕೊಂಡೆ. ಬಿಟ್‌ಲಾಕರ್ ಆನ್ ಇತ್ತು, ಕೀ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಿಕ್ಕಿತು, ಡೈರಿಯಲ್ಲಿ ಬರೆದೆ. ಈಗ ಶ್ರಿಂಕ್ ಒತ್ತಿದರೆ ಸಿಯಲ್ಲಿ 390 ಜಿಬಿ ಖಾಲಿ ಇದ್ದರೂ ಬರೀ 41 ಜಿಬಿ ಕಡಿಮೆ ಮಾಡಬಹುದು ಅನ್ನುತ್ತಿದೆ. ಯಾಕೆ?

ಗ್ರಾಂಟ್ ರೋಡ್ ರಿಪೇರಿ · ಶನಿವಾರ, ರಾತ್ರಿ 9:55

ಇದು ಎಲ್ಲರಿಗೂ ಬರುತ್ತದೆ. ಲೋಕಲ್ ಟ್ರೇನಿನ ಉದ್ದ ಸೀಟು ನೆನಪಿಸಿಕೊಳ್ಳಿ. ಸೀಟು ಪೂರ್ತಿ ಖಾಲಿ, ಆದರೆ ಕೊನೆಯಲ್ಲಿ ಒಬ್ಬರು ಕೂತಿದ್ದಾರೆ, ಏಳುವುದಿಲ್ಲ. ಸೀಟನ್ನು ಅವರವರೆಗೆ ಮಾತ್ರ ಮಡಚಬಹುದು. ಡಿಸ್ಕಿನ ಕೊನೆಯ ಕಡೆ ವಿಂಡೋಸ್ ಕದಲಿಸಲಾರದ ಫೈಲು ಒಂದೆರಡು ಕೂತಿರುತ್ತವೆ. ಮೆಮೊರಿ ಸಾಲದಾಗ ಬಳಸುವ ಪೇಜ್ ಫೈಲು, ತೆರೆದ ಕೆಲಸ ಉಳಿಸಿ ಮಲಗಲು ಬಳಸುವ ಹೈಬರ್ನೇಷನ್ ಫೈಲು, ವಿಂಡೋಸನ್ನು ಹಿಂದಿನ ಸ್ಥಿತಿಗೆ ತರುವ ಸಿಸ್ಟಮ್ ರಿಸ್ಟೋರ್‌ನ ಪ್ರತಿಗಳು. ಇವನ್ನು ಸ್ವಲ್ಪ ಹೊತ್ತು ಎಬ್ಬಿಸಬೇಕು.

ಸಿಸ್ಟಮ್ ಪ್ರೊಟೆಕ್ಷನ್‌ನಲ್ಲಿ ಸಿಗೆ ರಿಸ್ಟೋರ್ ಆಫ್ ಮಾಡಿ. ಅಡ್ವಾನ್ಸ್ಡ್ ಸಿಸ್ಟಮ್ ಸೆಟಿಂಗ್ಸ್‌ನ ಪರ್ಫಾರ್ಮೆನ್ಸ್ ಒಳಗೆ ವರ್ಚುಯಲ್ ಮೆಮೊರಿ ಇದೆ, ಅಲ್ಲಿ ನೋ ಪೇಜಿಂಗ್ ಫೈಲ್ ಆರಿಸಿ ಸೆಟ್ ಒತ್ತಿ. ಹೈಬರ್ನೇಷನ್ ಆಫ್ ಮಾಡಲು ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆಯಬೇಕು, ಆ ಸಾಲನ್ನು ನಿಮಗೆ ಮೆಸೇಜಿನಲ್ಲಿ ಕಳಿಸಿದ್ದೇನೆ. ರೀಸ್ಟಾರ್ಟ್ ಮಾಡಿ ಶ್ರಿಂಕ್ ನೋಡಿ. ಕೆಲಸ ಮುಗಿದ ಮೇಲೆ ಮೂರನ್ನೂ ಮರೆಯದೆ ಮತ್ತೆ ಆನ್ ಮಾಡಿ. ಪೇಜ್ ಫೈಲು ಇಲ್ಲದೆ ಬಿಟ್ಟರೆ ಮಾರ್ಚ್ ಕೊನೆಯಲ್ಲಿ ಟ್ಯಾಲಿ, ಎಕ್ಸೆಲ್, ಬ್ರೌಸರ್ ಎಲ್ಲ ತೆರೆದಾಗ ಮೆಮೊರಿ ಸಾಲದು ಅಂತ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.

ಹಾಂ, ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ ಶುರು ಮಾಡಿ. ಪೂರ್ತಿ ತೆಗೆಯಬೇಕಾಗಿಲ್ಲ.

ಹಡಪ್ಸರ್ ಉಬುಂಟು · ಶನಿವಾರ, ರಾತ್ರಿ 11:10

ಪುಣೆಯಿಂದ. ಇಲ್ಲಿ ಲಿನಕ್ಸ್ ಬಳಸುವವರೂ ಓದುತ್ತಿರಬಹುದು ಅಂತ ಬರೆಯುತ್ತಿದ್ದೇನೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತ ಮೇಲೆ ನಮ್ಮ ಬಳಗದಲ್ಲೇ ನಾಲ್ಕು ಜನ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಉಬುಂಟು ಅನ್ನುವ ಲಿನಕ್ಸ್ ಹಾಕಿಸಿಕೊಂಡರು.

ನಮ್ಮಲ್ಲಿ ಈ ಕೆಲಸ ಚೆಂದ. ಬಳಕೆದಾರರ ಫೈಲು, ಸೆಟಿಂಗು ಎಲ್ಲ ಹೋಮ್ ಅನ್ನುವ ಒಂದೇ ಫೋಲ್ಡರಿನಲ್ಲಿ ಇರುತ್ತದೆ. ಅದನ್ನು ಇಡಿಯಾಗಿ ಬೇರೆ ಪಾರ್ಟಿಷನ್‌ಗೆ ಒಯ್ಯಬಹುದು, ಸಿಸ್ಟಮ್ ತಕರಾರು ಮಾಡುವುದಿಲ್ಲ. ಪ್ರೋಗ್ರಾಂಗಳು ಬೇರೆ ಜಾಗದಲ್ಲಿರುತ್ತವೆ, ಅವನ್ನು ಅಲ್ಲೇ ಬಿಡಿ. ಸಿಸ್ಟಮ್ ಮತ್ತೆ ಹಾಕಿದರೆ ಒಂದು ಸಾಲಿನಲ್ಲಿ ಎಲ್ಲ ಮತ್ತೆ ಇಳಿಯುತ್ತವೆ.

ಹೊಸ ಪಾರ್ಟಿಷನ್‌ಗೆ ಎಕ್ಸ್ಟ್4 ಅನ್ನುವ ಲಿನಕ್ಸ್‌ನ ಫೈಲ್ ಸಿಸ್ಟಮ್ ಇರಲಿ. ಎಕ್ಸ್‌ಫ್ಯಾಟ್ ಹಾಕಿದರೆ ಯಾರ ಫೈಲು, ಯಾರಿಗೆ ಅನುಮತಿ ಅನ್ನುವ ಗುರುತು ಉಳಿಯುವುದಿಲ್ಲ, ಹೋಮ್‌ಗೆ ಅದು ಆಗದು. ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಆರ್‌ಸಿಂಕ್ ಅನ್ನುವ ಕಾಪಿ ಮಾಡುವ ಕಮಾಂಡಿನಲ್ಲಿ ಎಲ್ಲ ಗುರುತುಗಳ ಸಮೇತ ಕಾಪಿ ಮಾಡಿ. ಆಮೇಲೆ ಯಾವ ಪಾರ್ಟಿಷನ್ ಎಲ್ಲಿ ಕೂರಬೇಕು ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಸೇರಿಸಬೇಕು. ಅಲ್ಲಿ ಡಿಸ್ಕಿನ ಹೆಸರು ಬೇಡ, ಯುಯುಐಡಿ ಅನ್ನುವ ಪಾರ್ಟಿಷನ್‌ನ ಗುರುತಿನ ಸಂಖ್ಯೆ ಬರೆಯಿರಿ. ಇನ್ನೊಂದು ಡಿಸ್ಕ್ ಹಾಕಿದಾಗ ಹೆಸರು ಬದಲಾಗಬಹುದು, ಯುಯುಐಡಿ ಬದಲಾಗುವುದಿಲ್ಲ.

ನನ್ನ ಗೆಳೆಯನೊಬ್ಬ ಇಷ್ಟೆಲ್ಲ ಸರಿಯಾಗಿ ಮಾಡಿ ಜಾಗ ಮಾತ್ರ ಖಾಲಿಯಾಗಲಿಲ್ಲ ಅಂತ ಒಂದು ವಾರ ಒದ್ದಾಡಿದ. ಹಳೇ ಹೋಮ್ ಫೋಲ್ಡರಿನ ಮೇಲೆಯೇ ಹೊಸ ಪಾರ್ಟಿಷನ್ ಬಂದು ಕೂತಿತ್ತು. ಕೆಳಗಿನ ಹಳೇ ಫೈಲುಗಳು ಕಣ್ಣಿಗೆ ಕಾಣುವುದಿಲ್ಲ, ಜಾಗ ಮಾತ್ರ ಹಿಡಿದಿರುತ್ತವೆ. ಚಾಪೆಯ ಕೆಳಗೆ ಸಿಕ್ಕಿಬಿದ್ದ ಕಾಗದದ ಹಾಗೆ. ಅದಕ್ಕೆ ಹಳೆಯದಕ್ಕೆ ಹೋಮ್ ಓಲ್ಡ್ ಅಂತ ಹೆಸರು ಬದಲಿಸಿ, ಹೋಮ್ ಅಂತ ಹೊಸ ಖಾಲಿ ಫೋಲ್ಡರ್ ಮಾಡಿ. ನಾಲ್ಕು ದಿನ ಎಲ್ಲ ಸರಿ ಇದ್ದರೆ ಹಳೆಯದನ್ನು ಅಳಿಸಿ.

ಎರಡೂ ಸಿಸ್ಟಮ್ ಒಟ್ಟಿಗೆ ಇಟ್ಟುಕೊಂಡವರು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಅದರ ಡ್ರೈವ್‌ಗೆ ಲಿನಕ್ಸ್‌ನಿಂದ ಬರೆಯಲು ಆಗುವುದಿಲ್ಲ.

ಡೊಂಬಿವಲಿ ಲೆಕ್ಕ · ಭಾನುವಾರ, ಮಧ್ಯಾಹ್ನ 12:20

ಶ್ರಿಂಕ್ ಆಯಿತು! 240 ಜಿಬಿ ಡಿ ಬಂತು, "ಮನೆ ಕಡತ" ಅಂತ ಹೆಸರಿಟ್ಟೆ.

ಆದರೆ ಈಗ ಒಂದು ಎಡವಟ್ಟಾಗಿದೆ. ಡಾಕ್ಯುಮೆಂಟ್ಸ್‌ನ ಲೊಕೇಶನ್‌ನಲ್ಲಿ ಮೂವ್ ಒತ್ತಿ ಸುಮ್ನೆ ಡಿ ಅನ್ನೇ ಆರಿಸಿದೆ, ಒಳಗೆ ಫೋಲ್ಡರ್ ಮಾಡಲಿಲ್ಲ. ಈಗ ಡಿ ಡ್ರೈವೇ ಡಾಕ್ಯುಮೆಂಟ್ಸ್ ಆಗಿಬಿಟ್ಟಿದೆ. ಡಿ ತೆರೆದರೆ ಡಾಕ್ಯುಮೆಂಟ್ಸ್, ಡಾಕ್ಯುಮೆಂಟ್ಸ್ ತೆರೆದರೆ ಡಿ. ವಾಪಸ್ ಹಾಕಲು ಹೋದರೆ ಆಗುವುದಿಲ್ಲ ಅನ್ನುತ್ತಿದೆ. ಕೈಕಾಲು ನಡುಗುತ್ತಿದೆ.

ವಾಸ್ಕೋ ಕ್ಯಾಮೆರಾ · ಭಾನುವಾರ, ಮಧ್ಯಾಹ್ನ 12:35

ಅಕ್ಕ, ಏನೂ ಹೋಗಿಲ್ಲ, ಧೈರ್ಯವಾಗಿರಿ. ಇನ್ನು ಏನನ್ನೂ ಒತ್ತಬೇಡಿ. ಇದನ್ನು ನಾನು ಮೊದಲೇ ಬರೆಯಬೇಕಿತ್ತು. ಡಿ ಒಳಗೆ ಮೊದಲು ಫೋಲ್ಡರ್ ಮಾಡಿ, ಆ ಫೋಲ್ಡರನ್ನೇ ಆರಿಸಬೇಕು. ಹಾಗೆ ಮಾಡದೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಎರಡನ್ನೂ ಡಿಗೇ ಕಳಿಸಿದ್ದರೆ ಎರಡೂ ಕಲಸಿ ಒಂದಾಗುತ್ತಿದ್ದವು.

ಗ್ರಾಂಟ್ ರೋಡ್ ರಿಪೇರಿ · ಭಾನುವಾರ, ಮಧ್ಯಾಹ್ನ 1:05

ಊಟ ಮಾಡಿ ಕೂತುಕೊಳ್ಳಿ ಅಕ್ಕ, ಐದು ನಿಮಿಷದ ಕೆಲಸ.

ರಿಜಿಸ್ಟ್ರಿ ಎಡಿಟರ್ ತೆರೆಯಿರಿ. ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಎಕ್ಸ್‌ಪ್ಲೋರರ್, ಅದರೊಳಗೆ ಯೂಸರ್ ಶೆಲ್ ಫೋಲ್ಡರ್ಸ್. ಮೊದಲು ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ತಪ್ಪಿದರೆ ಹಿಂದಕ್ಕೆ ಬರಲು. ಬಲಗಡೆ ಪರ್ಸನಲ್ ಅನ್ನುವ ಸಾಲು ಡಾಕ್ಯುಮೆಂಟ್ಸ್‌ನದು. ಅದರಲ್ಲಿ ಈಗ ಡಿ ಅಂತ ಇರುತ್ತದೆ. ಅದನ್ನು ಅಳಿಸಿ ಹಳೇ ದಾರಿ ಬರೆಯಬೇಕು. ಪಕ್ಕದ ಮೈ ಪಿಕ್ಚರ್ಸ್ ಸಾಲನ್ನು ಇನ್ನೂ ಮುಟ್ಟಿಲ್ಲ ಅಲ್ವಾ, ಅದನ್ನು ನೋಡಿ ಅದೇ ರೀತಿ, ಕೊನೆಯಲ್ಲಿ ಪಿಕ್ಚರ್ಸ್ ಬದಲು ಡಾಕ್ಯುಮೆಂಟ್ಸ್. ಸೈನ್ ಔಟ್ ಮಾಡಿ ಮತ್ತೆ ಬನ್ನಿ. ಸಿಯಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರ್ ಕಾಣದಿದ್ದರೆ ನೀವೇ ಒಂದು ಮಾಡಿ. ಡಿಯಲ್ಲಿ ಹರಡಿರುವ ಫೈಲುಗಳು ಹಾಗೇ ಇರುತ್ತವೆ. ಆಮೇಲೆ ಡಿಯಲ್ಲಿ ಡಾಕ್ಯುಮೆಂಟ್ಸ್ ಅಂತ ಫೋಲ್ಡರ್ ಮಾಡಿ, ಹರಡಿದ್ದನ್ನು ಅದರೊಳಗೆ ಹಾಕಿ, ಲೊಕೇಶನ್‌ನಲ್ಲಿ ಅದೇ ಫೋಲ್ಡರ್ ಆರಿಸಿ.

ಡೊಂಬಿವಲಿ ಲೆಕ್ಕ · ಭಾನುವಾರ, ಮಧ್ಯಾಹ್ನ 3:40

ಸರಿಹೋಯಿತು. ಅಣ್ಣ, ನಿಮಗೆ ಹೇಗೆ ಹೇಳಲಿ. ಪಿಕ್ಚರ್ಸ್, ಡೌನ್‌ಲೋಡ್ಸ್ ಎರಡೂ ಸರಿಯಾಗಿ ಹೋದವು. ಡೆಸ್ಕ್‌ಟಾಪ್ ಮಾತ್ರ ಒನ್‌ಡ್ರೈವ್ ದಾರಿ ತೋರಿಸುತ್ತಿದೆ. ಟ್ಯಾಲಿ ಡೇಟಾ ಡಾಕ್ಯುಮೆಂಟ್ಸ್‌ನಲ್ಲಿ ಇಲ್ಲವೇ ಇಲ್ಲ. ಎಲ್ಲಿರುತ್ತದೆ?

ಮುಲುಂಡ್ ಕೋಡ್ · ಭಾನುವಾರ, ಸಂಜೆ 4:15

ಒನ್‌ಡ್ರೈವ್ ಅಂದರೆ ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹ, ಅದರ ಸೆಟಿಂಗ್ಸ್‌ನಲ್ಲಿ ಮ್ಯಾನೇಜ್ ಬ್ಯಾಕಪ್ ಇದೆ. ಅಲ್ಲಿ ಡೆಸ್ಕ್‌ಟಾಪ್ ಆಫ್ ಮಾಡಿ ಆಮೇಲೆ ಸಾಗಿಸಿ. ಆಫ್ ಮಾಡಿದ ಮೇಲೆ ಡೆಸ್ಕ್‌ಟಾಪ್ ಖಾಲಿ ಕಂಡರೆ ಹೆದರಬೇಡಿ, ಫೈಲುಗಳು ಒನ್‌ಡ್ರೈವ್ ಫೋಲ್ಡರಿನಲ್ಲೇ ಉಳಿದಿರಬಹುದು.

ಟ್ಯಾಲಿಯನ್ನು ಸಾಮಾನ್ಯವಾಗಿ ಹಾಕಿದ್ದರೆ ಅದರ ಡೇಟಾ ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರಿನಲ್ಲಿ ಇರುತ್ತದೆ, ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಅಲ್ಲ. ಅದಕ್ಕೇ ಡಾಕ್ಯುಮೆಂಟ್ಸ್ ಸಾಗಿಸಿದಾಗ ಅದು ಬರಲಿಲ್ಲ. ಟ್ಯಾಲಿ ಮುಚ್ಚಿ, ಡೇಟಾ ಫೋಲ್ಡರನ್ನು ಡಿಗೆ ಕಾಪಿ ಮಾಡಿ. ಟ್ಯಾಲಿ ತೆರೆದು ಕಂಪನಿ ಆರಿಸುವಾಗ ದಾರಿ ಬದಲಿಸುವ ಆಯ್ಕೆ ಇದೆ, ಅಲ್ಲಿ ಡಿ ತೋರಿಸಿ. ಕಳೆದ ತಿಂಗಳ ಮೊತ್ತ ತಾಳೆ ನೋಡಿದ ಮೇಲೆ ಹಳೇ ಪ್ರತಿಯ ಹೆಸರು ಬದಲಿಸಿ, ತಪ್ಪಿ ಅದರಲ್ಲೇ ಎಂಟ್ರಿ ಹಾಕಬಾರದು.

ಪಾರ್ಟಿಷನ್ ಯಾಕೆ ಅಂತ ನಾನು ನಿನ್ನೆ ಕೇಳಿದ್ದೆ. ರಿಪೇರಿ ಅಣ್ಣನ ಉತ್ತರ ಓದಿದ ಮೇಲೆ ಊರಲ್ಲಿರುವ ಅಮ್ಮನ ಲ್ಯಾಪ್‌ಟಾಪಿಗೂ ಮಾಡಿಸಬೇಕು ಅನ್ನಿಸಿದೆ. ಅದು ಕೆಟ್ಟಾಗ ನಾನು ಪಕ್ಕದಲ್ಲಿ ಇರುವುದಿಲ್ಲ.

ಗ್ರಾಂಟ್ ರೋಡ್ ರಿಪೇರಿ · ಭಾನುವಾರ, ಸಂಜೆ 6:00

ಕೊನೆಗೆ ಒಂದು. ಮುಂದೆ ಎಂದಾದರೂ ವಿಂಡೋಸ್ ಹೊಸದಾಗಿ ಹಾಕಿದರೆ ಡಿ ಒಳಗಿನ ಫೋಲ್ಡರ್ ತೆರೆಯುವಾಗ ಅನುಮತಿ ಇಲ್ಲ ಅಂತ ಬರಬಹುದು. ಫೈಲು ಹೋಗಿಲ್ಲ. ಹೊಸ ವಿಂಡೋಸ್‌ಗೆ ನೀವು ಹೊಸಬರು, ಹೆಸರು ಅದೇ ಇದ್ದರೂ. ಕಂಟಿನ್ಯೂ ಒತ್ತಿ ಸ್ವಲ್ಪ ಹೊತ್ತು ಬಿಡಿ, ತೆರೆಯುತ್ತದೆ. ಆಮೇಲೆ ಲೊಕೇಶನ್‌ಗಳನ್ನು ಮತ್ತೊಮ್ಮೆ ಡಿಗೆ ತೋರಿಸಬೇಕು. ಪೇಜ್ ಫೈಲು ಆನ್ ಮಾಡಿದಿರಾ? ಬಿಟ್‌ಲಾಕರ್ ರೆಸ್ಯೂಮ್ ಮಾಡಿದಿರಾ?

ಡೊಂಬಿವಲಿ ಲೆಕ್ಕ · ಭಾನುವಾರ, ರಾತ್ರಿ 9:50

ಎರಡೂ ಮಾಡಿದೆ. ರಿಸ್ಟೋರ್, ಹೈಬರ್ನೇಷನ್ ಕೂಡ ಆನ್. ಲ್ಯಾಪ್‌ಟಾಪಿನ ಹಿಂದೆ ಚೀಟಿ ಅಂಟಿಸಿದೆ, ಕನ್ನಡ, ಮರಾಠಿ ಎರಡರಲ್ಲೂ ಬರೆದೆ. ಟ್ಯಾಲಿಯ ಮೊತ್ತ ಪೈಸೆಗೆ ಪೈಸೆ ತಾಳೆಯಾಯಿತು. ಹೊರಗಿನ ಡಿಸ್ಕನ್ನು ಬುಧವಾರ ಕಲ್ಯಾಣದಲ್ಲಿರುವ ತಂಗಿಯ ಮನೆಗೆ ಕೊಟ್ಟು ಬರುತ್ತೇನೆ. ತಿಂಗಳಿಗೊಮ್ಮೆ ಹೋಗುವುದು ಇದ್ದೇ ಇದೆ, ಆಗ ಹೊಸ ಪ್ರತಿ ಹಾಕಿ ತರುವುದು.

ಸಂಜೆ ಅಪ್ಪ ಬಂದು ಪಕ್ಕದಲ್ಲಿ ಕೂತರು. ನುಡಿಯಲ್ಲಿ ಯೂನಿಕೋಡ್ ಇಟ್ಟು ಹೊಸ ಫೈಲು ತೆರೆದೆ. ಕಳೆದುಹೋದ ಇಪ್ಪತ್ತಮೂರನೇ ಪುಟದಿಂದ ಶುರು ಮಾಡೋಣ ಅಂದೆ. ಅದರಲ್ಲಿ ಕ್ಯಾಂಟೀನಿನ ಮಾಲೀಕರ ಕಥೆ ಇತ್ತು. ಅಪ್ಪ ಅದನ್ನು ಬಿಟ್ಟು, ಕುಂದಾಪುರದಲ್ಲಿ ಬಸ್ ಹೊರಡುವಾಗ ಅಜ್ಜಿ ಕಿಟಕಿಯಿಂದ ಒಳಗೆ ಕೊಟ್ಟ ಅವಲಕ್ಕಿ ಗಂಟಿನ ವಿಷಯ ಹೇಳಿದರು. ಮೊದಲ ಸಲ ಹೇಳಿರಲಿಲ್ಲ. ಎರಡು ಪುಟ ಆಯಿತು.